ಸೂರತ್ತಿಗೆ ಹೊತ್ಕೊಂಡು ಹೋದ ಮರದ ವಜ್ರ

ಚನ್ನಪಟ್ಟಣ

ಗುಜರಾತು ಪರದೇಶ ಅಲ್ಲ ಅಂತ ನಂಗೂ ಗೊತ್ತು. ಅಲ್ಲಿ ಯಾರೂ ಪಾಸ್‌ಪೋರ್ಟ್ ಕೇಳಲ್ಲ. ಆದ್ರೆ ಸಾರಿಗೆ ಬೆಲ್ಲ ಹಾಕೋ ಜಾಗ, ಅಂಗಡಿ ಬೋರ್ಡು ಓದಕ್ಕೆ ಬರ್ದೇ ಇರೋ ಜಾಗ ನನ್ನ ಪಾಲಿಗೆ ಪರದೇಶಾನೇ. ಅದಕ್ಕೆ ಮುಂಚೆ ನಾನು ನೋಡಿದ್ದು ಬೆಂಗಳೂರು, ಮೈಸೂರು, ಒಂದ್ಸಲ ಧರ್ಮಸ್ಥಳ. ಯಾವ ರೈಲು, ಟಿಕೆಟ್ ಎಷ್ಟು, ಏನೇನು ನೋಡ್ಬೇಕು, ಇವೆಲ್ಲ ನಾನು ಬರೆಯಲ್ಲ. ಬೇಕಾದೋರು ಸ್ಟೇಶನ್ನಲ್ಲಿ ಕೇಳ್ಕೊಳ್ಳಿ.

ನನ್ನ ಹೆಸರು ನಂಜುಂಡ. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೆ. ಚಿಕ್ಕಪ್ಪನ ಶೆಡ್ಡಲ್ಲಿ ಲೇತ್ ಮುಂದೆ ಕೂತು ಮರ ಕಡೆಯೋದು ಕೆಲಸ. ಆಲೆ ಮರದ ತುಂಡು ತಿರುಗ್ತಿರುತ್ತೆ, ಉಳಿ ಹಿಡಿದ್ರೆ ಬೊಂಬೆ ಆಗುತ್ತೆ, ಬಣ್ಣದ ಅರಗು ಒತ್ತಿದ್ರೆ ಆ ಬಿಸಿಗೆ ಕರಗಿ ಮೆತ್ಕೊಳ್ಳುತ್ತೆ, ತಾಳೆಗರಿಯಲ್ಲಿ ಉಜ್ಜಿದ್ರೆ ಮುಖ ಕಾಣೋ ಹಂಗೆ ಹೊಳೆಯುತ್ತೆ. ಕಡೆದ ಮಾಲು ಚೆನ್ನಾಗೇ ಇತ್ತು, ಕೊಳ್ಳೋರು ಇರಲಿಲ್ಲ. ಪ್ಲಾಸ್ಟಿಕ್ ಬೊಂಬೆ ಬಂದ್ಮೇಲೆ ನಮ್ಮ ಮೂರು ಲೇತಲ್ಲಿ ಎರಡು ಗೋಣಿಚೀಲ ಹೊದ್ಕೊಂಡು ಮಲಗಿದ್ವು. ಮೂರನೇದೂ ಮಲಗೋದ್ರಲ್ಲಿತ್ತು. ಬಿಡದಿ ಫ್ಯಾಕ್ಟರಿ ಗೇಟಲ್ಲಿ ವಾಚ್‌ಮನ್ ಕೆಲಸ ಐತೆ, ಸೇರ್ಕೊ ಅಂತ ಚಿಕ್ಕಪ್ಪ ದಿನಾ ಹೇಳ್ತಿದ್ದ.

ಆಗ ವಿಮಲಾ ಮೇಡಂ ಬಂದ್ರು. ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡೋರು. ಮಂಡಿ ನೋವು, ಕೈಯಲ್ಲೊಂದು ಛತ್ರಿ. ‘ನಂಗೆ ಮರದ ಗುಂಡು ಬೇಕು. ಕಪ್ಪು ಜಾಸ್ತಿ, ಬಿಳಿ ಸ್ವಲ್ಪ, ಕೆಂಪು ಸ್ವಲ್ಪ. ಒಂದೊಂದು ಕಪ್ಪು ಗುಂಡಿಗೂ ನಾಲ್ಕು ತೂತು’ ಅಂದ್ರು.

‘ಆಟದ ಸಾಮಾನಾ ಮೇಡಂ?’

‘ಒಂಥರಾ ಹಂಗೇ ಅನ್ಕೋ. ಕಪ್ಪು ಗುಂಡು ಅಂದ್ರೆ ಕಾರ್ಬನ್ ಅಣು. ಇದ್ದಿಲು ಅದೇ, ವಜ್ರ ಅದೇ. ಜೋಡಿಸೋದು ಮಾತ್ರ ಬೇರೆ.’

ತೂತು ಸೊಟ್ಟ ಆದ್ರೆ ಕಡ್ಡಿ ಸಿಕ್ಕಿಸಿದಾಗ ಇಡೀದು ವಾಲ್ತಿತ್ತು. ಎಷ್ಟು ಕೆಡಿಸಿದ್ನೋ ದೇವರಿಗೇ ಗೊತ್ತು. ಕೊನೆಗೆ ಆಳೆತ್ತರದ ಒಂದು ವಜ್ರ ನಿಂತ್ಕೊಂತು, ಎಲ್ಲಾ ಕರಿ ಗುಂಡು. ಅದರ ಪಕ್ಕದಲ್ಲಿ ಗುಂಡಿಂದಲೇ ಮಾಡಿದ ಒಂದು ಕೈ. ಆ ಕೈ ಒಂದು ಗುಂಡು ಎತ್ತಿ ವಜ್ರದ ಮೇಲಿಡೋ ಹಂಗೆ.

ಸೂರತ್ತಲ್ಲಿ ವಜ್ರದ ಸೇಟು ಒಬ್ಬರ ಟ್ರಸ್ಟ್ ಇದೆ, ಸ್ಕೂಲುಗಳಿವೆ. ಅವ್ರು ಮೇಡಂನ ಭಾಷಣಕ್ಕೆ ಕರೆದಿದ್ರು. ಅದಕ್ಕೆ ಮುಂಚೆ ಅಹಮದಾಬಾದ್, ವಡೋದರದಲ್ಲೂ ಮೇಷ್ಟ್ರುಗಳಿಗೆ ಭಾಷಣ. ಸೇಟಿಗೆ ಹಿಡಿಸಿದ್ರೆ ಅವ್ರ ಎಲ್ಲಾ ಸ್ಕೂಲಿಗೂ ಇಂಥ ಸೆಟ್ಟು ನಾವೇ ಮಾಡ್ಕೊಡೋದು. ‘ಬಿಚ್ಚಿ ಜೋಡಿಸೋದಕ್ಕೆ ನೀನೇ ಬಾ’ ಅಂದ್ರು ಮೇಡಂ. ಚಿಕ್ಕಪ್ಪ ಅಂದ, ‘ಆರ್ಡರ್ ತಂದ್ರೆ ಲೇತು. ಬರಿಗೈಲಿ ಬಂದ್ರೆ ಬಿಡದಿ. ಮಾತಾಡಂಗಿಲ್ಲ.’

ವಜ್ರ ಬಿಚ್ಚಿ, ಕೈನ ಮಾತ್ರ ಬಿಚ್ಚದೆ, ಗುಂಡೆಲ್ಲ ಒಂದು ಕಪ್ಪು ತಗಡಿನ ಟ್ರಂಕಿಗೆ ಒತ್ತಿ ತುಂಬಿ, ಬೀಗ ಹಾಕಿ ಹೊರಟೆ.

ಅಹಮದಾಬಾದ್

ಇಳಿದ ತಕ್ಷಣ ಗಾಳಿ ಮುಖಕ್ಕೆ ಹೊಡೀತು. ನಮ್ಮ ಕಡೆ ಬಿಸಿಲು ಅಂದ್ರೆ ಮರದ ನೆರಳಿಗೆ ಹೋದ್ರೆ ಮುಗೀತು. ಇಲ್ಲಿ ನೆರಳೂ ಸುಡುತ್ತೆ. ಮಧ್ಯಾಹ್ನ ಅಂಗಡಿಯೋರು ಶಟರ್ ಅರ್ಧ ಎಳ್ಕೊಂಡು ಒಳಗೆ ಮಲಗ್ತಾರೆ, ಗಿರಾಕಿ ಬಂದ್ರೂ ಎದ್ದೇಳಲ್ಲ. ನಂಗೆ ಇಷ್ಟ ಆಯ್ತು.

ಜನ ಮಾತ್ರ ಒಳ್ಳೇರು. ಯಾರು ಸಿಕ್ಕಿದ್ರೂ ಮೊದಲನೇ ಮಾತು ‘ಜಮಿ ಲೀಧು?’ ಊಟ ಆಯ್ತಾ ಅಂತ. ನಾನು ನಿಜ ಅನ್ಕೊಂಡು ಒಬ್ಬ ಆಟೋದವನಿಗೆ ‘ಇಲ್ಲ, ಹಸಿವಾಗ್ತಿದೆ’ ಅಂದ್ಬಿಟ್ಟೆ. ನಮ್ಮ ಬೀದೀಲಿ ಸಾಬರ ಹುಡುಗ್ರ ಜೊತೆ ಕಲ್ತಿದ್ದ ದಖನಿ ಹಿಂದಿ ನಂದು. ಅವನು ನಕ್ಕು, ಆಟೋ ನಿಲ್ಲಿಸಿ, ಡಬ್ಬೀಲಿದ್ದ ರೊಟ್ಟಿ ಕೊಟ್ಟ. ಮೇಡಂ ತಲೆ ಚಚ್ಕೊಂಡ್ರು. ‘ಅದು ನಮಸ್ಕಾರ ಇದ್ದಂಗೆ ಕಣೋ, ನಿಜವಾಗ್ಲೂ ಕೇಳಿದ್ದಲ್ಲ.’ ನಿಜವಾಗ್ಲೂ ಕೇಳಿರದಿದ್ರೆ ರೊಟ್ಟಿ ಯಾಕೆ ಕೊಟ್ಟ?

ನವರಂಗಪುರದಲ್ಲಿ ಕುಂದಾಪುರದ ಶೀನಣ್ಣನ ಹೋಟ್ಲಿದೆ. ಮೇಲಿನ ರೂಮಲ್ಲಿ ಉಳ್ಕೊಂಡ್ವಿ. ಇಡ್ಲಿ ನೋಡಿ ಕಣ್ಣಲ್ಲಿ ನೀರು ಬಂತು. ಸಾಂಬಾರ್ ಬಾಯಿಗಿಟ್ಟೆ, ಸಿಹಿ!

‘ಏನಣ್ಣಾ ಇದು, ಪಾಯಸಕ್ಕೆ ಬೇಳೆ ಹಾಕಿದೀರಾ?’

‘ಎಂತ ಮಾಡುದು ಮಾರಾಯ’ ಅಂದ ಶೀನಣ್ಣ. ‘ನಮ್ಮೂರ ರುಚಿ ಮಾಡಿದ್ರೆ ನಾನೊಬ್ಬನೇ ಉಣ್ಬೇಕು. ಇಲ್ಲಿಯವರಿಗೆ ಹೊಂದಿಕೊಂಡ್ರೆ ಹೋಟ್ಲು ಉಂಟು. ಇಲ್ದಿದ್ರೆ ಬೀಗ.’

ಮಾರನೇ ದಿನ ಕಾಲೇಜಲ್ಲಿ ಭಾಷಣ. ಮೇಡಂ ಇಂಗ್ಲಿಷಲ್ಲಿ ಸ್ವಲ್ಪ, ಹಿಂದೀಲಿ ಸ್ವಲ್ಪ ಹೇಳಿದ್ರು. ನಂಗೆ ಅರ್ಥ ಆಗಿದ್ದು ಇಷ್ಟು. ನಾವು ಇವತ್ತು ಯಾವುದೇ ಸಾಮಾನು ಮಾಡಿದ್ರೂ ಕಡೀತೀವಿ, ಕಾಯಿಸ್ತೀವಿ, ಬಡೀತೀವಿ. ಬೇಡದ್ದು ತೆಗೀತೀವಿ. ಮುಂದೊಂದು ಕಾಲಕ್ಕೆ ಕಣ್ಣಿಗೆ ಕಾಣದಷ್ಟು ಚಿಕ್ಕ ಯಂತ್ರಗಳು ಒಂದೊಂದೇ ಅಣು ಹೆಕ್ಕಿ ಜೋಡಿಸಬಹುದಂತೆ. ಬೇಕಾದ್ದನ್ನೇ ಇಡೋದು, ಬೇಡದ್ದು ಇರೋದೇ ಇಲ್ಲ. ಕೊಳಕು ನೀರಿಂದ ವಿಷ ಹೆಕ್ಕಿ ಹಾಕಬಹುದಂತೆ. ರಕ್ತನಾಳದಲ್ಲಿ ಕಟ್ಕೊಂಡಿರೋದನ್ನ ಒಳಗೇ ಹೋಗಿ ಕೆರೆದು ತೆಗೀಬಹುದಂತೆ. ಇದನ್ನ ಮೇಡಂ ಎರಡು ಸಲ ಹೇಳಿದ್ರು. ಅವ್ರ ಯಜಮಾನ್ರು ಹೋಗಿದ್ದು ಹಾರ್ಟಿಂದ. ಕೆಟ್ಟದ್ದೂ ಹೇಳಿದ್ರು. ಆ ಯಂತ್ರ ಕೆಟ್ಟೋರ ಕೈಗೆ ಸಿಕ್ರೆ ಏನಾಗುತ್ತೆ, ತನ್ನನ್ನ ತಾನೇ ಮಾಡ್ಕೊಂಡು ಹೋಗೋ ಯಂತ್ರ ನಿಲ್ಲದಿದ್ರೆ ಏನಾಗುತ್ತೆ, ಕೈ ಕೆಲಸ ಮಾಡೋರ ಗತಿ ಏನು.

ನಾನು ಮೂಲೇಲಿ ಕೂತು ನಮ್ಮ ಶೆಡ್ಡಿನ ನೆಲ ನೆನೆಸ್ಕೊಂಡೆ. ಅರ್ಧ ಮರ ಬೊಂಬೆ ಆದ್ರೆ ಇನ್ನರ್ಧ ಹೊಟ್ಟು. ಮೇಡಂ ಹೇಳೋ ಯಂತ್ರ ಬಂದ್ರೆ ಹೊಟ್ಟು ಇರಲ್ಲ. ಹೊಟ್ಟು ಮಾಡೋ ನಾನೂ ಇರಲ್ಲ.

ಕೊನೇಲಿ ಮೇಡಂ ಮರದ ವಜ್ರ ಮುಟ್ಟಿ, ‘ಆ ಕಾಲ ಬಂದ್ರೆ ಇದು ಇದ್ದಿಲಿನಷ್ಟೇ ಅಗ್ಗ. ಕಿಟಕಿ ಗಾಜಿಗೂ ವಜ್ರ ಹಾಕಬಹುದು’ ಅಂದ್ರು. ಮೇಷ್ಟ್ರುಗಳು ಚಪ್ಪಾಳೆ ಹೊಡೆದ್ರು.

ಕಾಫಿ ಕೊಡಕ್ಕೆ ಬಂದಿದ್ದ ಶೀನಣ್ಣ ಇದನ್ನ ಕೇಳಿಸ್ಕೊಂಡಿದ್ದ. ವಾಪಸ್ ಬಂದ್ಮೇಲೆ ಅಂದ, ‘ಮೇಡಮ್ಮೋರೇ, ಇದೇ ಮಾತು ಸೂರತ್ತಿನ ವಜ್ರದ ಸೇಟುಗಳ ಎದುರು ಹೇಳ್ತೀರಾ? ಊಟ ಕೊಟ್ಟು ಕಳಿಸಿದ್ರೆ ನಿಮ್ಮ ಪುಣ್ಯ.’

ಆ ಯೋಚನೆ ನಂಗೆ ಬಂದೇ ಇರಲಿಲ್ಲ.

ಸಾಯಂಕಾಲ ವಸ್ತ್ರಾಪುರದ ಕೆರೆ ಹತ್ರ ಮೇಡಂ ಕಲ್ಲುಬೆಂಚಿನ ಮೇಲೆ ಮಂಡಿ ನೀವ್ಕೊಂಡು ಕೂತಿದ್ರು. ನಾನು ಸೀದಾ ಕೇಳ್ದೆ.

‘ಮೇಡಂ, ಸೂರತ್ತಲ್ಲಿ ವಜ್ರದ ಮಾತು ಬೇಡ. ಬರೀ ಇದ್ದಿಲು ಅನ್ನಿ. ರಕ್ತದ ವಿಷಯ ಹೇಳಿ, ನೀರಿನ ವಿಷಯ ಹೇಳಿ.’

‘ಅದು ಸುಳ್ಳಾಗುತ್ತೆ ನಂಜುಂಡ.’

‘ಸುಳ್ಳು ಹೇಳಿ ಅನ್ನಲಿಲ್ಲ. ಒಂದು ಮಾತು ಬಿಡಿ ಅಂದೆ. ನಿಮಗೆ ಪೆನ್ಶನ್ ಬರುತ್ತೆ. ನಂಗೆ ಬಿಡದಿ ಗೇಟು.’

ಮೇಡಂ ಛತ್ರಿ ಊರ್ಕೊಂಡು ಎದ್ರು. ‘ಆಯ್ತು’ ಅಂದ್ರು. ಮುಖ ಮಾತ್ರ ಆಯ್ತು ಅನ್ನಲಿಲ್ಲ.

ವಡೋದರ

ಬಸ್ಸಲ್ಲಿ ಹೋದ್ವಿ. ಟ್ರಂಕು ಮೇಲೆ, ಬಿಸಿಲಲ್ಲಿ. ಗೋರ್ವಾದಲ್ಲಿ ಮೇಡಂನ ಹಳೇ ಸ್ಟೂಡೆಂಟ್ ಸತೀಶ ಇದಾನೆ, ದಾವಣಗೆರೆ ಕಡೆಯೋನು, ಕೆಮಿಕಲ್ ಫ್ಯಾಕ್ಟರೀಲಿ ಕೆಲಸ. ಅವನ ರೂಮಿಗೆ ಟ್ರಂಕು ಇಳಿಸೋವಾಗ ತಗಡು ಕೈ ಸುಡ್ತು. ಬೀಗ ತೆಗೆದೆ.

ಗುಂಡೆಲ್ಲ ಒಂದಕ್ಕೊಂದು ಅಂಟ್ಕೊಂಡಿತ್ತು. ಕಪ್ಪಿಗೆ ಕೆಂಪು, ಕೆಂಪಿಗೆ ಬಿಳಿ, ಇಡೀ ಟ್ರಂಕು ಒಂದೇ ಮುದ್ದೆ. ಒಂದನ್ನ ಎಳೆದ್ರೆ ಪಕ್ಕದ್ದು ಜೊತೇಲಿ ಬಂತು. ಅದನ್ನ ಬಿಡಿಸಕ್ಕೆ ಹೋದ್ರೆ ನನ್ನ ಬೆರಳಿಗೆ ಅಂಟ್ತು.

ಅರಗು ಬಿಸಿಗೆ ಮೆತ್ತಗಾಗುತ್ತೆ ಅಂತ ಲೇತ್ ಮುಂದೆ ದಿನಾ ನೋಡೋನು ನಾನು. ಆದ್ರೆ ಬಿಸಿಲಿಗೂ ಆಗುತ್ತೆ ಅನ್ನೋದು ಚನ್ನಪಟ್ಟಣದಲ್ಲಿ ಹುಟ್ಟಿದೋನ ತಲೆಗೆ ಹೊಳೀಲಿಲ್ಲ. ನಮ್ಮೂರಲ್ಲಿ ಅಂಥ ಬಿಸಿಲೇ ಇಲ್ವಲ್ಲ. ಬಟ್ಟೆ ಸುತ್ತಿ ಮರದ ಪೆಟ್ಟಿಗೇಲಿ ತಂದಿದ್ರೆ ಆಗ್ತಿತ್ತು. ಜಾಗ ಉಳೀಲಿ ಅಂತ ಕಪ್ಪು ತಗಡಿಗೆ ಒತ್ತಿ ತುಂಬಿದ್ದೆ.

‘ಲೇ, ಲಾಡು ಕಟ್ಕೊಂಡು ಬಂದೀಯೇನ್ಲೇ?’ ಅಂದ ಸತೀಶ. ನಂಗೆ ಅವನ ಮುಖಕ್ಕೊಂದು ಗುಂಡು ಎಸೀಬೇಕು ಅನ್ನಿಸ್ತು. ಅದೂ ಕೈ ಬಿಡ್ತಿರಲಿಲ್ಲ.

ಕಬ್ಬಿನ ಹಾಲಿನ ಅಂಗಡಿಯಿಂದ ಸತೀಶ ಐಸ್ ಗಡ್ಡೆ ತಂದ. ಬಕೆಟ್ಟಲ್ಲಿ ಐಸ್, ಅದರೊಳಗೆ ಗುಂಡು. ತಣ್ಣಗಾದ್ಮೇಲೆ ನೆಲಕ್ಕೆ ಮೆಲ್ಲಗೆ ಕುಟ್ಟಿದ್ರೆ ಟಕ್ ಅಂತ ಬಿಟ್ಕೊಳ್ತಿತ್ತು. ಆದ್ರೆ ಕಪ್ಪಿನ ಮೇಲೆ ಕೆಂಪು ಕಲೆ, ಬಿಳಿ ಮೇಲೆ ಕಪ್ಪು ತೇಪೆ. ಗುಂಡಿನ ಕೈ ಮಾತ್ರ ಬಿಟ್ಕೊಳ್ಳಲೇ ಇಲ್ಲ. ಅದರ ಬೆರಳಿಗೆ ಒಂದು ಕರಿ ಗುಂಡು ಗಟ್ಟಿಯಾಗಿ ಹಿಡ್ಕೊಂಡಿತ್ತು. ಜೋರು ಮಾಡಿದ್ರೆ ಬೆರಳೇ ಮುರಿಯೋ ಹಂಗಿತ್ತು.

ನಾನು ಗೋಡೆಗೆ ಒರಗಿ ಕೂತ್ಬಿಟ್ಟೆ. ಬಿಡದಿ ಗೇಟು ಕಣ್ಮುಂದೆ ಬಂತು. ಖಾಕಿ ಬಟ್ಟೆ, ಕೈಯಲ್ಲಿ ಸೀಟಿ.

ಮೇಡಂ ಆ ಕೈ ತಿರುಗಿಸಿ ತಿರುಗಿಸಿ ನೋಡಿದ್ರು. ಆಮೇಲೆ ನಗಕ್ಕೆ ಶುರು ಮಾಡಿದ್ರು.

‘ನಗ್ಬೇಡಿ ಮೇಡಂ. ನನ್ನ ಹೊಟ್ಟೆ ಉರೀತಿದೆ.’

‘ನಿನ್ನ ನೋಡಿ ನಗ್ತಿಲ್ಲ ಕಣೋ. ಇದೇ ಜಗಳ! ಅಣು ಯಂತ್ರ ಆಗಲ್ಲ ಅನ್ನೋ ವಿಜ್ಞಾನಿಗಳು ಇದನ್ನೇ ಹೇಳೋದು. ಅಣು ಹೆಕ್ಕೋ ಕೈಯೂ ಅಣುಗಳಿಂದಲೇ ಆಗಿರುತ್ತೆ ಅಲ್ವಾ? ಬೆರಳು ದಪ್ಪ, ಜಾಗ ಸಾಲಲ್ಲ. ಹಿಡಿದದ್ದು ಬೆರಳಿಗೇ ಅಂಟ್ಕೊಳ್ಳುತ್ತೆ, ಬಿಡು ಅಂದ್ರೆ ಬಿಡಲ್ಲ. ಆಗುತ್ತೆ ಅನ್ನೋರು, ಬೆರಳೇ ಬೇಡ, ನಮ್ಮ ಮೈಯೊಳಗೇ ಅಂಥ ಯಂತ್ರ ಕೆಲಸ ಮಾಡ್ತಿವೆಯಲ್ಲ ಅಂತಾರೆ. ಇಷ್ಟು ವರ್ಷ ಬೋರ್ಡ್ ಮೇಲೆ ಬರೆದೂ ಬರೆದೂ ಯಾರಿಗೂ ಹಿಡಿಸಕ್ಕಾಗಿರಲಿಲ್ಲ.’

‘ಹಂಗಾದ್ರೆ ಆ ಯಂತ್ರ ಬರುತ್ತೋ ಬರಲ್ವೋ?’

‘ನಂಗೆ ಗೊತ್ತಿಲ್ಲ.’

ಇಷ್ಟು ಓದಿದೋರು ಗೊತ್ತಿಲ್ಲ ಅಂದಿದ್ದು ನಾನು ಕೇಳಿದ್ದು ಅದೇ ಮೊದಲು. ವಡೋದರದ ಭಾಷಣದಲ್ಲಿ ಮೇಡಂ ಆ ಅಂಟಿದ ಕೈಯನ್ನೇ ಎತ್ತಿ ಹಿಡಿದ್ರು. ಮೇಷ್ಟ್ರುಗಳು ಮುಂದೆ ಬಂದು ಮುಟ್ಟಿ ನೋಡಿದ್ರು. ಆ ಊರ ಬಗ್ಗೆ ಇನ್ನೇನೂ ನೆನಪಿಲ್ಲ. ಬೆರಳಿಂದ ಅರಗು ಕೀಳೋದ್ರಲ್ಲೇ ಹೊತ್ತು ಹೋಯ್ತು.

ಸೂರತ್

ಸೇಟು ಮಣಿಭಾಯಿ ವಯಸ್ಸಾದೋರು, ಬಿಳೀ ಬಟ್ಟೆ, ಕಾಲಲ್ಲಿ ಹವಾಯಿ ಚಪ್ಪಲಿ. ಅವ್ರ ಮನೇಲಿ ಸೋಫಾ ಇದ್ರೂ ಯಾರೂ ಕೂರಲ್ಲ. ಹಾಲ್ ಮಧ್ಯ ದೊಡ್ಡ ಉಯ್ಯಾಲೆ ತೂಗ್ತಿರುತ್ತೆ. ಮಾತು, ವ್ಯಾಪಾರ, ಜಗಳ ಎಲ್ಲಾ ಅದರ ಮೇಲೇ. ಸೇಟು ಕಾಲಲ್ಲಿ ನೆಲ ಒದ್ದು ತೂಗ್ತಾ ಮಾತಾಡ್ತಾರೆ. ಉಯ್ಯಾಲೆ ನಿಲ್ತು ಅಂದ್ರೆ ತೀರ್ಮಾನ ಆಯ್ತು ಅಂತ ಅರ್ಥ. ಇದನ್ನ ಹೇಳ್ಕೊಟ್ಟೋನು ಜಯಂತಿಭಾಯಿ, ಅವ್ರ ಕಾರ್ಖಾನೇಲಿ ವಜ್ರ ಉಜ್ಜೋನು. ಭಾಷಣಕ್ಕೆ ಮುಂಚೆ ಕೆಲಸ ತೋರ್ಸು ಅಂತ ಸೇಟು ನನ್ನ ಅವನ ಜೊತೆ ಕಳಿಸಿದ್ರು.

ಕಾರ್ಖಾನೇಲಿ ಕಬ್ಬಿಣದ ತಟ್ಟೆ ತಿರುಗ್ತಿರುತ್ತೆ. ಸುತ್ತ ಜನ ಕೂತು, ಕಡ್ಡಿ ತುದೀಲಿ ಹರಳು ಸಿಕ್ಕಿಸಿ ಅದಕ್ಕೆ ಒತ್ತಿ ಹಿಡೀತಾರೆ. ಒತ್ತೋದು, ಎತ್ತಿ ನೋಡೋದು, ಮತ್ತೆ ಒತ್ತೋದು. ಭುಜ ಬಗ್ಗಿಸಿರೋದು, ಉಸಿರು ಬಿಗಿ ಹಿಡಿಯೋದು, ನಮ್ಮ ಶೆಡ್ಡಲ್ಲಿ ಕೂತಂಗೇ ಇತ್ತು. ಅಷ್ಟ್ರಲ್ಲಿ ಯಾರದೋ ಹರಳು ಕೆಳಗೆ ಬಿತ್ತು. ಇಡೀ ರೂಮು ಕಲ್ಲಾಯ್ತು. ಕಾಲೆತ್ತಂಗಿಲ್ಲ, ಚಪ್ಪಲಿಗೆ ಮೆತ್ಕೊಂಡು ಹೋಗುತ್ತಲ್ಲ, ಅದಕ್ಕೆ. ನಾನು ಗೊತ್ತಿಲ್ದೆ ಒಂದು ಹೆಜ್ಜೆ ಇಟ್ಟೆ.

‘ಏಯ್ ಮದ್ರಾಸಿ, ನಿಲ್ಲು!’ ಅಂತ ಎಲ್ರೂ ಕೂಗಿದ್ರು.

‘ಮದ್ರಾಸಿ ನಕ್ಕೋ ಬೋಲೋ, ಕರ್ನಾಟಕ!’ ಮದ್ರಾಸಿ ಅನ್ಬೇಡಿ ಅಂತ ನಾನೂ ಕೂಗ್ದೆ, ಒಂಟಿ ಕಾಲಲ್ಲಿ ನಿಂತ್ಕೊಂಡು. ನನ್ನ ದಖನಿ ಕೇಳಿ ಅವ್ರು ನಕ್ಕಿದ್ದು ನಕ್ಕಿದ್ದೇ. ಬ್ರಷ್ಷಲ್ಲಿ ನೆಲ ಗುಡಿಸಿ ಹರಳು ಹುಡುಕೋ ತನಕ ಕಾಲು ಕೆಳಗಿಡಕ್ಕೆ ಬಿಡಲಿಲ್ಲ. ನಮ್ಮ ಶೆಡ್ಡಲ್ಲಿ ಮಣಿ ಬಿದ್ರೆ ಯಾವನೂ ತಿರುಗಿ ನೋಡಲ್ಲ.

ಚಹಾ ಕುಡೀತಾ ಜಯಂತಿಭಾಯಿ ನನ್ನ ಜೇಬಿಂದ ಇಣುಕ್ತಿದ್ದ ಕರಿ ಗುಂಡು ನೋಡಿ ಕೇಳ್ದ, ‘ಇದೇನು?’

‘ಕಾರ್ಬನ್ನು.’

‘ಮರದ ಗುಂಡಿಗೆ ಆ ಹೆಸರಾ? ಇದನ್ನ ಇಟ್ಕೊಂಡು ಇಷ್ಟು ದೂರ ಯಾಕೆ ಬಂದ್ರಿ?’

ನಾನು ಗುಂಡನ್ನ ಜೇಬಿನೊಳಗೆ ತಳ್ಳಿದೆ. ಆಗ ಅವನು ತಿರುಗೋ ತಟ್ಟೆ ಕಡೆ ನೋಡ್ಕೊಂಡು ಅಂದ, ‘ನನ್ನ ಮಗ ದೊಡ್ಡೋನಾದ. ಮುಂದಿನ ತಿಂಗಳು ನನ್ನ ಪಕ್ಕ ಕೂರಿಸ್ತೀನಿ. ಅವನಿಗೆ ಓದೋ ಆಸೆ. ನಾನೇ ಬೇಡ ಅಂದೆ. ಹರಳು ಇರೋ ತನಕ ಅನ್ನ ಇರುತ್ತೆ, ಅಲ್ವಾ ಭಾಯಿ?’

ಇದನ್ನೇ ನಮ್ಮಪ್ಪ ಚಿಕ್ಕಪ್ಪಂಗೆ ಹೇಳಿದ್ದ. ಮರ ಇರೋ ತನಕ, ಮಕ್ಕಳಿರೋ ತನಕ ಬೊಂಬೆ ಇರುತ್ತೆ ಅಂತ. ಮರಾನೂ ಇದೆ, ಮಕ್ಕಳೂ ಇದಾರೆ.

ನಂಗೆ ತಡ್ಕೊಳ್ಳಕ್ಕಾಗಲಿಲ್ಲ. ಎಲ್ಲಾ ಹೇಳ್ಬಿಟ್ಟೆ. ಒಂದೊಂದೇ ಕರಿ ಗುಂಡು ಇಟ್ಟು ವಜ್ರ ಮಾಡೋ ಯಂತ್ರ ಬರಬಹುದಂತೆ, ಬಂದ್ರೆ ಇದ್ದಿಲಿನ ರೇಟಂತೆ, ಬರದೇನೂ ಇರಬಹುದಂತೆ. ‘ನಂಗೆ ಸರಿಯಾಗಿ ಗೊತ್ತಿಲ್ಲ. ಮೇಡಂನ ಕೇಳು.’

ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಭಾಷಣದಲ್ಲಿ ಮೇಡಂ ಮಾತು ಉಳಿಸ್ಕೊಂಡ್ರು. ನೀರು ಅಂದ್ರು, ರಕ್ತ ಅಂದ್ರು, ಕಾರ್ಬನ್ ಅಂದ್ರು, ವಜ್ರ ಅನ್ನಲಿಲ್ಲ. ಮಣಿಭಾಯಿ ಮುಂದಿನ ಸಾಲಲ್ಲಿ ತಲೆ ಆಡಿಸ್ತಿದ್ರು. ಗೆದ್ವಿ ಅನ್ಕೊಂಡೆ. ಅಷ್ಟ್ರಲ್ಲಿ ಹಿಂದಿಂದ ಜಯಂತಿಭಾಯಿ ಎದ್ದು ನಿಂತ.

‘ಬೆಹನ್, ಆ ಕರಿ ಗುಂಡಿನ ಗೋಪುರ ವಜ್ರಾನೇ ಅಂತೆ. ಯಂತ್ರ ಅದನ್ನ ಮಾಡುತ್ತಂತೆ. ನನ್ನ ಮಗನ್ನ ಈ ಕೆಲಸಕ್ಕೆ ಹಾಕ್ಲೋ ಬೇಡ್ವೋ?’

ಎಲ್ರೂ ಮೇಡಂ ಕಡೆ ತಿರುಗಿದ್ರು. ಮೇಡಂ ನನ್ನ ಕಡೆ ನೋಡಿದ್ರು. ನಾನು ವಸ್ತ್ರಾಪುರದಲ್ಲಿ ಕೇಳಿದ್ದಕ್ಕೆ ಕಟ್ಟುಬಿದ್ದು ಕಾಯ್ತಿದ್ರು.

‘ಹೇಳಿ ಮೇಡಂ’ ಅಂದೆ ಕನ್ನಡದಲ್ಲೇ. ‘ನಾನೇ ಬಾಯಿ ಬಿಟ್ಟಿದ್ದು. ಪೂರ್ತಿ ಹೇಳ್ಬಿಡಿ.’

ಮೇಡಂ ಹೇಳಿದ್ರು. ವಜ್ರ ಅಂದ್ರು, ಇದ್ದಿಲು ಅಂದ್ರು. ಆಮೇಲೆ ಆ ಅಂಟಿದ ಕೈ ತಗೊಂಡು ಕೆಳಗಿಳಿದು ಹೋಗಿ ಜಯಂತಿಭಾಯಿ ಕೈಗೇ ಕೊಟ್ರು. ‘ಈ ಗುಂಡು ಬಿಡಿಸಿ ನೋಡಿ ಭಾಯಿ.’ ಅವನು ಎಳೆದ. ಬರಲಿಲ್ಲ. ‘ಇದು ಒಂದು ದಿನ ಬಿಟ್ಕೊಳ್ಳುತ್ತೆ ಅಂತ ಕೆಲವರು, ಯಾವತ್ತೂ ಇಲ್ಲ ಅಂತ ಕೆಲವರು. ನಾನು ಬಿಟ್ಕೊಳ್ಳುತ್ತೆ ಅಂತ ನಂಬಿದೋಳು. ನಿಮ್ಮ ಕಾಲದಲ್ಲಿ ಇರಲಾರದು. ನಿಮ್ಮ ಮಗನ ಕಾಲಕ್ಕೆ ನಾನು ಮಾತು ಕೊಡಲಾರೆ. ಅವನು ಓದ್ತೀನಿ ಅಂದ್ರೆ ಓದಿಸಿ. ಉಜ್ಜೋದೂ ಕಲೀಲಿ.’

ಯಾರೂ ಚಪ್ಪಾಳೆ ಹೊಡೀಲಿಲ್ಲ.

ಉಯ್ಯಾಲೆ

ಸಾಯಂಕಾಲ ಮಣಿಭಾಯಿ ಮನೆಗೆ ಕರೆದ್ರು. ಉಯ್ಯಾಲೆ ತೂಗ್ತಿತ್ತು. ಮಜ್ಜಿಗೆ ಬಂತು. ಜಯಂತಿಭಾಯಿ ಬಾಗಿಲ ಹತ್ರ ಕೈಕಟ್ಟಿ ನಿಂತಿದ್ದ, ಆ ಮರದ ಕೈ ಇನ್ನೂ ಅವನ ಹತ್ರಾನೇ ಇತ್ತು.

‘ಬೆಹನ್, ನಮ್ಮಪ್ಪ ನೆಲಗಡಲೆ ಬೆಳೀತಿದ್ದ. ನಾನು ವಜ್ರಕ್ಕೆ ಬಂದಾಗ ಹುಚ್ಚ ಅಂದ. ಮುಂದೆ ಬರೋದು ಮಕ್ಕಳಿಗೆ ಮೊದಲೇ ಗೊತ್ತಾಗಲಿ. ಸೆಟ್ಟು ಎಲ್ಲಾ ಸ್ಕೂಲಿಗೂ ಹಾಕ್ಸೋಣ’ ಅಂದ್ರು ಸೇಟು.

ನಾನು ಮಜ್ಜಿಗೆ ಲೋಟ ಗಟ್ಟಿ ಹಿಡ್ಕೊಂಡೆ.

‘ಆದ್ರೆ ಪ್ಲಾಸ್ಟಿಕ್ಕಲ್ಲಿ. ನಮ್ಮ ಬಿಸಿಲಿಗೆ ನಿಮ್ಮ ಮರದ್ದು ಅಂಟುತ್ತೆ. ಇಲ್ಲೇ ಅಚ್ಚು ಹಾಕ್ಸಿದ್ರೆ ಒಂದು ದಿನದ ಕೆಲಸ.’

ಅಣು ಯಂತ್ರ ಬಂದು ನನ್ನ ಲೇತು ಕಿತ್ಕೊಳ್ಳುತ್ತೆ ಅಂತ ಅಷ್ಟು ದೂರದಿಂದ ಹೆದರ್ಕೊಂಡು ಬಂದಿದ್ದೆ. ಅದು ಬರೋಕೆ ಮುಂಚೆ ಮಾಮೂಲಿ ಪ್ಲಾಸ್ಟಿಕ್ಕೇ ಸಾಕಾಯ್ತು. ಉಯ್ಯಾಲೆ ನಿಧಾನ ಆಗ್ತಿತ್ತು. ನಿಂತ್ರೆ ಮುಗೀತು.

‘ಸೇಟ್’ ಅಂದ ಜಯಂತಿಭಾಯಿ. ‘ಪ್ಲಾಸ್ಟಿಕ್ ಅಂಟಲ್ಲ.’

‘ಅದಕ್ಕೇ ಅಲ್ವಾ ಹೇಳಿದ್ದು.’

‘ಅಂಟಲ್ಲ ಅಂದ್ರೆ ಯಂತ್ರ ಬಂದೇ ಬರುತ್ತೆ ಅಂತ ಹೇಳಿದಂಗಾಯ್ತು. ಬೆಹನ್ ಹಂಗೆ ಹೇಳಲಿಲ್ಲ. ಇದನ್ನ ಕೈಯಲ್ಲಿ ಎಳೆದು ನೋಡಿದ್ಮೇಲೇ ನಂಗೆ ತಿಳಿದಿದ್ದು.’ ಆ ಮರದ ಕೈಯನ್ನ ಸೇಟು ಮಡಿಲಲ್ಲಿಟ್ಟ.

ಸೇಟು ಎಳೆದು ನೋಡಿದ್ರು. ಎರಡು ಕೈಯಲ್ಲೂ ಎಳೆದ್ರು. ಬೆರಳಿಗೆ ಅರಗು ಮೆತ್ಕೊಂತು. ಧೋತ್ರಕ್ಕೆ ಒರೆಸ್ಕೊಂಡು, ಮೇಡಂನ ನೋಡಿ, ನನ್ನ ನೋಡಿ, ವ್ಯಾಪಾರಸ್ಥರ ನಗು ನಕ್ರು. ‘ಗೋಪುರ ಪ್ಲಾಸ್ಟಿಕ್ಕಲ್ಲಿ. ಕೈ ಮಾತ್ರ ಮರದ್ದು, ಇಂಥದ್ದೇ, ಅಂಟೋದು. ಸ್ಕೂಲಿಗೊಂದು.’

ಉಯ್ಯಾಲೆ ನಿಂತ್ಕೊಂತು.

ಹೊರಗೆ ಬಂದ್ಮೇಲೆ ಜಯಂತಿಭಾಯಿಗೆ ಕೇಳ್ದೆ, ‘ಮಗನ್ನ ಏನು ಮಾಡ್ತೀಯ?’

‘ಬೆಳಿಗ್ಗೆ ಸ್ಕೂಲಿಗೆ. ಸಾಯಂಕಾಲ ನನ್ನ ಪಕ್ಕಕ್ಕೆ. ಅವನು ಎರಡಕ್ಕೂ ಬೈಕೊಳ್ತಾನೆ’ ಅಂದ. ಜೇಬಿಂದ ಗುಂಡು ತೆಗೆದು ಅವನಿಗೆ ಕೊಟ್ಟೆ.

ಮತ್ತೆ ಚನ್ನಪಟ್ಟಣ

ಮೂರು ಲೇತಲ್ಲಿ ಒಂದು ಓಡುತ್ತೆ. ಅದರ ಮುಂದೆ ನಾನಿದೀನಿ. ಬಿಡದಿಗೆ ಬೇರೆ ಯಾರೋ ಹೋದ್ರು.

ಚಿಕ್ಕಪ್ಪಂಗೆ ಆರ್ಡರ್ ಏನು ಅಂತ ಹೇಳಿದಾಗ ಅವನು ನಂಬಲಿಲ್ಲ. ಅಂಟದಂಗೆ ಅರಗು ಹಾಕೋದಕ್ಕೆ ಇಡೀ ಬೀದೀಲಿ ಹೆಸರು ತಗೊಂಡೋನು ಅವನು. ನನ್ನ ಕೈ ಮೇಲೆ ಹೊಡೆದು ಹೊಡೆದು ಕಲಿಸಿದ್ದೂ ಅದನ್ನೇ.

‘ಬೇಕೂಂತ ಅಂಟಿಸ್ಬೇಕಾ?’

‘ಹೂಂ. ಎಳೆದ್ರೆ ಬರಬಾರ್ದು. ಆದ್ರೆ ಬರುತ್ತೇನೋ ಅನ್ನಿಸ್ಬೇಕು.’

ಚಿಕ್ಕಪ್ಪ ಉಗುಳಿ ಹೊರಗೆ ಹೋದ. ಸ್ವಲ್ಪ ಹೊತ್ತಾದ್ಮೇಲೆ ವಾಪಸ್ ಬಂದು ನನ್ನ ಪಕ್ಕ ಕೂತ. ನಾನು ಅರಗು ಹಚ್ಚಿದ್ದ ಮರದ ಬೆರಳನ್ನ ಎಳೆದು ನೋಡ್ದ. ಗುಂಡು ಕಿತ್ಕೊಂಡು ಬಂತು.

‘ಥೂ, ಅಂಟಿಸೋದಕ್ಕೂ ಬರಲ್ಲ ನಿಂಗೆ. ಸರ್ಕೋ ಆ ಕಡೆ’ ಅಂದ.